ತಾಯಿಯ ಕೋಣೆಯಲ್ಲಿ ಅಲೆಕ್ಸಾ

ಪ್ರಶ್ನೆ: ನನ್ನ ತಾಯಿಗೆ 78 ವರ್ಷ, ದೃಷ್ಟಿ ಮಂದವಾಗಿದೆ. ನನ್ನ ತಮ್ಮ ಅವರಿಗೆ ಮಾತಿನಲ್ಲೇ ಕೇಳಿದ್ದಕ್ಕೆ ಉತ್ತರಿಸುವ ಅಮೆಜಾನ್ ಕಂಪನಿಯ ಅಲೆಕ್ಸಾ ಸ್ಪೀಕರ್ ತಂದುಕೊಟ್ಟಿದ್ದಾನೆ. ಅದು ಮನೆಯ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತದೆಂದು ಅವರಿಗೆ ಅಳುಕು. ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ತಾಯಿಯವರ ಅಳುಕು ಅಕಾರಣವಲ್ಲ. ತನ್ನ ಹೆಸರು ಕೇಳಿದ ಮೇಲಷ್ಟೇ ಈ ಸ್ಪೀಕರ್ ಧ್ವನಿಯನ್ನು ಕಂಪನಿಯ ಸರ್ವರ್‌ಗೆ ಕಳುಹಿಸಬೇಕಾದರೂ, ಟಿವಿಯ ಯಾವುದೋ ಮಾತನ್ನು ತನ್ನ ಹೆಸರೆಂದು ತಪ್ಪು ತಿಳಿದು ಎಚ್ಚೆತ್ತುಕೊಳ್ಳುವುದೂ ಉಂಟು. ಕೆಲವು ಧ್ವನಿಮುದ್ರಿಕೆಗಳನ್ನು ಕಂಪನಿಯ ನೌಕರರು ಕೇಳುತ್ತಿದ್ದರೆಂಬುದು 2019ರಲ್ಲಿ ಬಯಲಾಯಿತು. ಹಾಗೆಂದು ಹಿಂತಿರುಗಿಸಬೇಕಿಲ್ಲ. ಕನ್ನಡಕ ಹುಡುಕದೆ ಸಮಯ ತಿಳಿಯುವುದು, ರಾತ್ರಿ ಎಂಟಕ್ಕೆ ಬಿಪಿ ಮಾತ್ರೆಯ ನೆನಪು, ಬೆಳಿಗ್ಗೆ ದೇವರನಾಮ: ಪ್ರತಿಯೊಂದಕ್ಕೂ ಮಕ್ಕಳನ್ನು ಕೂಗಬೇಕಾಗಿದ್ದ ಹಿರಿಯರಿಗೆ ಇದು ಸಣ್ಣ ಸ್ವಾತಂತ್ರ್ಯವಲ್ಲ.

ಫೋನಿನ ಅಲೆಕ್ಸಾ ಆ್ಯಪ್‌ನಲ್ಲಿರುವ ಅಲೆಕ್ಸಾ ಪ್ರೈವಸಿ ವಿಭಾಗದಲ್ಲಿ ಧ್ವನಿಮುದ್ರಿಕೆಗಳನ್ನು ಉಳಿಸಬಾರದೆಂದು ಆರಿಸಿ. ಬ್ಯಾಂಕು, ಆಸ್ತಿಯ ಮಾತು ಬಂದಾಗ ಮೈಕ್ ಗುಂಡಿ ಒತ್ತಿದರೆ ಕೆಂಪು ದೀಪ ಹೊತ್ತಿ ಮೈಕ್ ಬಂದ್ ಆಗುತ್ತದೆ; ಆ ಗುಂಡಿಯನ್ನು ತಾಯಿಯವರಿಗೆ ಬೆರಳಿನಿಂದ ಮುಟ್ಟಿಸಿಯೇ ಕಲಿಸಿ. ಭಾರತದಲ್ಲಿ ಅಲೆಕ್ಸಾ ಬಳಸುವುದು ಇಂಗ್ಲಿಷ್ ಮತ್ತು ಹಿಂದಿಯನ್ನು; ಕನ್ನಡವಷ್ಟೇ ಬಲ್ಲವರಿಗೆ ಫೋನಿನಲ್ಲಿರುವ, ಕನ್ನಡವೂ ತಿಳಿಯುವ ಗೂಗಲ್‌ನ ಧ್ವನಿ ಸಹಾಯಕ ಹೆಚ್ಚು ಅನುಕೂಲ. ಬಿದ್ದು ಪೆಟ್ಟಾದಾಗ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಲು ಮಾತ್ರ ಸ್ಪೀಕರನ್ನು ನೆಚ್ಚಬೇಡಿ. ಹಾಸಿಗೆಯ ಪಕ್ಕದಲ್ಲಿ ಫೋನ್ ಇರಲಿ.