ದಂಡಕ್ಕಿಂತ ಮೊದಲು ಕಾರಣ ಹೇಳಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ನಿವೃತ್ತ ಮಾಸ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಡೆಂಗಿ ತಡೆಯಲು ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ ಎಂದು ಆರೋಗ್ಯ ಇಲಾಖೆ ಹೇಳುತ್ತದೆ. ಇವರು ಪಾಲಿಸುತ್ತಾರೆ, ನೆರೆಮನೆಯವರು ಇಲ್ಲ. “ಅದು ಹುಟ್ಟುಗುಣ. ದಂಡ ಹಾಕದೆ ಬಗ್ಗುವ ಜನ ಅಲ್ಲ” ಎನ್ನುತ್ತಾರೆ.

ಮಾಸ್ಟ್ರೇ, ನಿಮ್ಮ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಅಚ್ಚುಕಟ್ಟಿನ ಸ್ವಭಾವದವರು ಇಂಥ ನಿಯಮ ಜಾಸ್ತಿ ಪಾಲಿಸುತ್ತಾರೆ ಎಂದು ಕೊರೊನಾ ಕಾಲದ ಅಧ್ಯಯನಗಳೂ ಹೇಳಿವೆ. ಆದರೆ ಸ್ವಭಾವದ ಪಾಲು ಸಣ್ಣದು. ಯಾಕೆ ಅಂತ ಮನಸ್ಸಿಗೆ ಹೊಕ್ಕರೆ ಹಠಮಾರಿಯೂ ಮಾಡುತ್ತಾನೆ.

ಬದಿಯಡ್ಕ ಕಡೆಯ ಒಂದು ತೋಟಕ್ಕೆ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಹೋಗಿದ್ದೆ. “ಇಷ್ಟು ವರ್ಷ ಬಾರದ ಜ್ವರ ಈಗ ಬರ್ತದಾ?” ಎಂದರು ಯಜಮಾನರು. ಆಕೆ ವಾದಕ್ಕೆ ನಿಲ್ಲಲಿಲ್ಲ. ಬಿದ್ದಿದ್ದ ಅಡಿಕೆ ಹಾಳೆಯೊಂದನ್ನು ಮೆಲ್ಲ ಎತ್ತಿ, ಅದರ ನೀರನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದರು. ಸಣ್ಣ ಸಣ್ಣ ಹುಳಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. “ವಾರ ಹತ್ತು ದಿನದಲ್ಲಿ ಇವೆಲ್ಲ ಡೆಂಗಿ ತರುವ ನುಸಿ. ಹಗಲಲ್ಲೇ ಕಚ್ತವೆ. ನಿಮ್ಮ ಮೊಮ್ಮಗು ಅಂಗಳದಲ್ಲೇ ಆಡುವುದಲ್ವಾ?” ಯಜಮಾನರು ಮಾತಾಡದೆ ಹಾಳೆಗಳನ್ನು ಕವುಚಿ ಹಾಕತೊಡಗಿದರು.

ಅಮೆರಿಕದ ಸಂಶೋಧಕರಾದ ಆಡಂ ಗ್ರಾಂಟ್, ಡೇವಿಡ್ ಹಾಫ್‌ಮನ್ 2011ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಆಸ್ಪತ್ರೆಯಲ್ಲಿ ‘ಕೈ ತೊಳೆದರೆ ನಿಮಗೆ ರೋಗ ತಗಲದು’ ಎಂಬ ಫಲಕದಿಂದ ಏನೂ ಆಗಲಿಲ್ಲ. ‘ರೋಗಿಗಳಿಗೆ ತಗಲದು’ ಎಂದು ಬರೆದಲ್ಲಿ ಸೋಪು ಜಾಸ್ತಿ ಖರ್ಚಾಯಿತು. ಡಾಕ್ಟರು, ನರ್ಸುಗಳಿಗೇ ಕಾರಣ ಬೇಕು. ನಿಮ್ಮ ನೆರೆಯವರಿಗೆ ಬೇಡವೇ?

ನಂಬಿಕೆಯ ಮಾತೂ ಇದೆ. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ನಿಮ್ಮ ಎಣ್ಮಕಜೆ ಪಂಚಾಯತಿನವರಿಗೆ ನಾನು ಹೇಳಬೇಕೇ? ಕಾಯಿಲೆ ಬಿದ್ದ ಜನರ ಗೋಳು ವರ್ಷಗಟ್ಟಲೆ ಯಾರ ಕಿವಿಗೂ ಬೀಳಲಿಲ್ಲ. ಅಂಥ ಊರಿನಲ್ಲಿ ಸರಕಾರದ ಮಾತಿಗೆ ತಟ್ಟನೆ ತಲೆಯಾಡಿಸದವರನ್ನು ಹುಟ್ಟುಗುಣದವರು ಅನ್ನಬೇಡಿ, ಮಾಸ್ಟ್ರೇ. ನಿಮ್ಮಂಥ ಓದಿದವರೇ ಹಾಗಂದರೆ ಬೇಸರವಾಗುತ್ತದೆ.

ಮತ್ತೆ, ನೀರು ಚೆಲ್ಲಿ ಎಂದು ನಿಮ್ಮ ನೆರೆಯವರಿಗೆ ಕೊಟ್ಟ ನೋಟಿಸು ಯಾವ ಭಾಷೆಯಲ್ಲಿತ್ತು? ನನ್ನ ಕೈಗೆ ಬಂದದ್ದು ಬರೀ ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಅಜ್ಜ ಅಜ್ಜಿಯರು ಅದನ್ನು ಏನು ಮಾಡಬೇಕು? ಸರಕಾರದ ಜೊತೆ ಕನ್ನಡದಲ್ಲೇ ವ್ಯವಹರಿಸುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಕೊಟ್ಟಿದೆ. ಓದಲಾಗದ ಕಾಗದ ಕೊಟ್ಟು, ಪಾಲಿಸಲಿಲ್ಲ ಎಂದು ದಂಡ ಹಾಕುವುದು ಯಾವ ನ್ಯಾಯ? ಕನ್ನಡ ನೋಟಿಸು ಕೇಳಿ ನೀವೇ ಪಂಚಾಯತಿಗೆ ಅರ್ಜಿ ಬರೆಯಿರಿ. ನೆರೆಯವರ ಸಹಿಯನ್ನೂ ಹಾಕಿಸಿ. ನಕಲು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.