ಓದುಗರ ಪ್ರಶ್ನೆ: ರಾಣಿಯರ ಫೋಟೋ ತೆಗೆದ ಆಲಿಸ್ ಹ್ಯೂಸ್

ಪ್ರಶ್ನೆ: ಇಂಗ್ಲೆಂಡಿನ ರಾಣಿ ಅಲೆಕ್ಸಾಂಡ್ರಾ ಅವರ ಹಳೇ ಫೋಟೋ ಒಂದನ್ನು ನೋಡಿದೆ. ತೆಗೆದವರು ಒಬ್ಬ ಮಹಿಳೆ ಎಂದು ಗೊತ್ತಾಗಿ ಆಶ್ಚರ್ಯವಾಯಿತು. ಆ ಕಾಲದಲ್ಲಿ ಹೆಣ್ಣುಮಕ್ಕಳು ಸ್ಟುಡಿಯೋ ನಡೆಸುತ್ತಿದ್ದರಾ? (ಶಿವಮೊಗ್ಗದ ಓದುಗರು)

ನಡೆಸುತ್ತಿದ್ದರು, ಅದೂ ಸಣ್ಣ ಪ್ರಮಾಣದಲ್ಲಲ್ಲ. ಅಲೆಕ್ಸಾಂಡ್ರಾ ಅವರ ಫೋಟೋ ತೆಗೆದ ಮಹಿಳೆಯರಲ್ಲಿ ದೊಡ್ಡ ಹೆಸರು ಆಲಿಸ್ ಹ್ಯೂಸ್ ಅವರದು. ಹುಟ್ಟಿದ್ದು 1857ರಲ್ಲಿ. ತಂದೆ ಎಡ್ವರ್ಡ್ ಹ್ಯೂಸ್ ಶ್ರೀಮಂತ ಮನೆತನದ ಹೆಂಗಸರ ಚಿತ್ರ ಬರೆಯುತ್ತಿದ್ದ ಕಲಾವಿದ. ಅಪ್ಪ ಬರೆದ ಚಿತ್ರಗಳು ಮಾರಾಟವಾಗಿ ಹೋಗುವ ಮೊದಲು ಅವುಗಳ ಒಂದು ಪ್ರತಿ ಮನೆಯಲ್ಲಿ ಉಳಿಯಲಿ ಅಂತ ಮಗಳು ಕ್ಯಾಮೆರಾ ಹಿಡಿಯಲು ಕಲಿತರು. 1891ರಲ್ಲಿ ಲಂಡನ್ನಿನ ಗೋವರ್ ಸ್ಟ್ರೀಟ್‌ನಲ್ಲಿ, ಅಪ್ಪನ ಚಿತ್ರಶಾಲೆಯ ಪಕ್ಕದಲ್ಲೇ, ಸ್ವಂತ ಸ್ಟುಡಿಯೋ ತೆರೆದರು. ಹೆಂಗಸರು ಮತ್ತು ಮಕ್ಕಳ ಫೋಟೋ ಮಾತ್ರ ಎಂಬುದು ಅಲ್ಲಿಯ ನಿಯಮ.

ನನಗೆ ತುಂಬ ಇಷ್ಟವಾಗುವ ವಿಷಯ ಬೇರೆ ಇದೆ. ವ್ಯವಹಾರ ಜೋರಾಗಿದ್ದ ದಿನಗಳಲ್ಲಿ ಅಲ್ಲಿ 60ರಷ್ಟು ಮಹಿಳೆಯರು ಕೆಲಸಕ್ಕಿದ್ದರು, ದಿನಕ್ಕೆ 15 ಮಂದಿಯವರೆಗೆ ಫೋಟೋಕ್ಕೆ ಕೂರುತ್ತಿದ್ದರು. ಕ್ಯಾಮೆರಾದ ಹಿಂದೆ ನಿಲ್ಲುವವರು ಒಬ್ಬರೇ ಇರಬಹುದು, ಆದರೆ ಒಂದು ಭಾವಚಿತ್ರ ಗಿರಾಕಿಯ ಕೈ ಸೇರುವ ಮೊದಲು ಎಷ್ಟು ಕೈ ದಾಟಬೇಕು ಅನ್ನೋದು ಹಳೇ ಸ್ಟುಡಿಯೋ ನೋಡಿದವರಿಗೆ ಗೊತ್ತು. ಗಾಜಿನ ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್‌ನಿಂದ ಕಣ್ಣ ಕೆಳಗಿನ ಗೆರೆ, ಕೆನ್ನೆಯ ಕಲೆ ಮರೆಯಾಗುವಂತೆ ಟಚಿಂಗ್ ಮಾಡಬೇಕು. ಪ್ರಿಂಟ್ ಆದಮೇಲೆ ಧೂಳು ಕೂತ ಕಡೆ ಉಳಿದ ಬಿಳಿ ಚುಕ್ಕೆಯನ್ನು ಕೂದಲೆಳೆಯಂಥ ಕುಂಚದಲ್ಲಿ, ಸುತ್ತಲಿನ ಬಣ್ಣಕ್ಕೆ ಸರಿಯಾಗಿ ಹೊಂದುವ ಬೂದು ಬಣ್ಣ ತಾಗಿಸಿ ಮುಚ್ಚಬೇಕು. ಒಂದು ಚೂರು ಜಾಸ್ತಿಯಾದರೆ ರಾಣಿಯ ಮುಖದಲ್ಲಿ ಮಚ್ಚೆ! ರಾಣಿಯರ ಹೆಸರು ಚರಿತ್ರೆಯಲ್ಲಿದೆ, ಆಲಿಸ್ ಹೆಸರೂ ಉಳಿದಿದೆ. ಇಂಥ ಕೆಲಸ ಮಾಡಿದ ಕೈಗಳ ಹೆಸರು ಯಾವ ಫೋಟೋದ ಕೆಳಗೂ ಬರಲ್ಲ, ಅದು ನನಗೆ ನಿಜಕ್ಕೂ ನೋವಿನ ವಿಷಯ.

ಪ್ರಶ್ನೆ: ಆಲಿಸ್ ಹ್ಯೂಸ್ ಅವರ ಫೋಟೋಗಳು ಪೆನ್ಸಿಲ್ ಚಿತ್ರದ ಹಾಗೆ ಮೆತ್ತಗೆ ಕಾಣುತ್ತವಲ್ಲ, ಹೇಗೆ? (ಪುತ್ತೂರಿನ ಓದುಗರು)

ಒಳ್ಳೇ ಕಣ್ಣು ನಿಮ್ಮದು. ಮೊದಲ ಕಾರಣ ಅಪ್ಪನ ಚಿತ್ರಶಾಲೆ. 18ನೇ ಶತಮಾನದ ಇಂಗ್ಲಿಷ್ ವರ್ಣಚಿತ್ರಗಳಲ್ಲಿ ಹೆಂಗಸರು ಹೇಗೆ ನಿಂತಿರುತ್ತಾರೋ ಆಲಿಸ್ ಹಾಗೇ ನಿಲ್ಲಿಸುತ್ತಿದ್ದರು. ಸಡಿಲವಾದ ತೆಳು ಬಟ್ಟೆ, ಪಕ್ಕದಲ್ಲಿ ಹೂವು, ಹಿಂದೆ ಮಸುಕಾಗಿ ಬರೆದ ಪರದೆ.

ಎರಡನೆಯದು ಪ್ಲಾಟಿನಂ. ಸಾಮಾನ್ಯ ಫೋಟೋದಲ್ಲಿ ಚಿತ್ರ ಮೂಡಿಸುವುದು ಬೆಳ್ಳಿ, ಅದು ಕಾಗದದ ಮೇಲೆ ಸವರಿದ ಒಂದು ಪದರದಲ್ಲಿ ಕೂತಿರುತ್ತದೆ. ಪ್ಲಾಟಿನಂ ಪ್ರಿಂಟ್‌ನಲ್ಲಿ ಆ ಪದರವೇ ಇಲ್ಲ. ಕಬ್ಬಿಣ ಮತ್ತು ಪ್ಲಾಟಿನಂ ಲವಣ ಹಚ್ಚಿದ ಕಾಗದವನ್ನು ನೆಗೆಟಿವ್ ಕೆಳಗಿಟ್ಟು ಬಿಸಿಲಿಗೆ ಹಿಡಿದು, ಆಮೇಲೆ ರಾಸಾಯನಿಕದಲ್ಲಿ ಅದ್ದಿದರೆ ಲೋಹ ಕಾಗದದ ನಾರಿನೊಳಗೇ ಇಳಿದುಬಿಡುತ್ತದೆ. ಅದಕ್ಕೇ ಹೊಳಪಿಲ್ಲ, ಕಪ್ಪಿಗೂ ಬಿಳುಪಿಗೂ ನಡುವೆ ಎಷ್ಟೊಂದು ಬೂದು! ದೇವರ ಮನೆಯ ಬೆಳ್ಳಿ ದೀಪ ಕಪ್ಪಾಗೋದನ್ನು ನೋಡಿದ್ದೀರಲ್ವಾ? ಬೆಳ್ಳಿ ಫೋಟೋನೂ ಹಾಗೇ ಗಾಳಿಗೆ ಕೆಡುತ್ತದೆ. ಪ್ಲಾಟಿನಂಗೆ ಆ ಭಯವಿಲ್ಲ. ಆದರೆ ಮೊದಲ ಮಹಾಯುದ್ಧದ ಹೊತ್ತಿಗೆ ಅದರ ಬೆಲೆ ವಿಪರೀತ ಏರಿ, ಸ್ಟುಡಿಯೋಗಳ ಕೈಗೆ ಎಟುಕದ ಹಾಗಾಯಿತು.

ಆಲಿಸ್ ಅವರ ಗೋವರ್ ಸ್ಟ್ರೀಟ್ ಸ್ಟುಡಿಯೋ ಅದಕ್ಕೂ ಮೊದಲೇ, 1910ರ ಕೊನೆಗೆ ಮುಚ್ಚಿತ್ತು. ಮುಂದೆ ಮತ್ತೆ ಲಂಡನ್ನಿನಲ್ಲೇ ಇನ್ನೊಂದು ಸ್ಟುಡಿಯೋ ನಡೆಸಿದರು. ತೀರಿಕೊಂಡದ್ದು 1939ರಲ್ಲಿ. ಅಷ್ಟರಲ್ಲಿ ಡೊರೊಥಿ ವೈಲ್ಡಿಂಗ್ ಎಂಬ ಇನ್ನೊಬ್ಬ ಮಹಿಳೆ 1937ರಲ್ಲಿ ಆರನೇ ಜಾರ್ಜ್ ದೊರೆಯ ಪಟ್ಟಾಭಿಷೇಕಕ್ಕೆ ಅರಮನೆಯ ಅಧಿಕೃತ ಫೋಟೋಗ್ರಾಫರ್ ಆಗಿದ್ದರು. ನಿಮ್ಮಲ್ಲಿ ಯಾರಾದರೂ ಸ್ಟ್ಯಾಂಪ್ ಕೂಡಿಸುವವರಿದ್ದರೆ, 1952ರಿಂದ ಬಂದ ಎರಡನೇ ಎಲಿಜಬೆತ್ ರಾಣಿಯ ಮೊದಲ ಬ್ರಿಟಿಷ್ ಸ್ಟ್ಯಾಂಪ್‌ಗಳನ್ನು ತೆಗೆದು ನೋಡಿ. ಆ ಮುಖ ವೈಲ್ಡಿಂಗ್ ತೆಗೆದ ಫೋಟೋದ್ದು.

ಪ್ರಶ್ನೆ: ನಮ್ಮ ಕಡೆ ನಿಜಾಮರ ಕಾಲದಲ್ಲಿ ಪರದೆಯೊಳಗಿದ್ದ ಹೆಂಗಸರ ಫೋಟೋ ಯಾರು ತೆಗೆಯುತ್ತಿದ್ದರು? (ಕಲಬುರಗಿಯ ಓದುಗರು)

ಈ ಪ್ರಶ್ನೆ ನಿಮ್ಮ ಊರಿನಿಂದಲೇ ಬಂದದ್ದು ಖುಷಿ. ಕಲಬುರಗಿ, ಬೀದರ್, ರಾಯಚೂರು ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವಲ್ಲ. ನಿಜಾಮರ ಫೋಟೋಗ್ರಾಫರ್ ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ಜನಾನಾ ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದವರು ಮಿಸೆಸ್ ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ. ಗಂಡಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಲಂಡನ್ನಿನಲ್ಲಿ ಆಲಿಸ್ ಬಾಗಿಲು ತೆರೆದ ಮರುವರ್ಷವೇ ಇದು, ನೋಡಿ. ಅಲ್ಲಿ ಹೆಂಗಸರು ಫ್ಯಾಷನ್ ಅಂತ ಬರುತ್ತಿದ್ದರು. ಇಲ್ಲಿ ಕ್ಯಾಮೆರಾದ ಹಿಂದೆ ಹೆಣ್ಣು ಇಲ್ಲದಿದ್ದರೆ ಪರದೆಯ ಹೆಂಗಸರಿಗೆ ಫೋಟೋವೇ ಇಲ್ಲ.

ಮುಂದೆ ಕಲ್ಕತ್ತೆಯಲ್ಲಿ ಅನ್ನಪೂರ್ಣಾ ದತ್ತ ಇದೇ ಕೆಲಸವನ್ನು ಜೀವನೋಪಾಯ ಮಾಡಿಕೊಂಡರು. ಪರದೆ ಪಾಲಿಸುವ ಮನೆಗಳಿಗೆ ತಾವೇ ಹೋಗಿ ಫೋಟೋ ತೆಗೆದು, ನೆಗೆಟಿವ್ ತೊಳೆದು ಪ್ರಿಂಟ್ ಹಾಕುವುದನ್ನೂ ತಾವೇ ಮಾಡುತ್ತಿದ್ದರು. ನಿಮ್ಮ ಕಡೆ ಹಳೇ ಮನೆಗಳಲ್ಲಿ ಅಜ್ಜಿಯರ ಕಾಲದ ಅಂಥ ಫೋಟೋ ಇದ್ದರೆ, ಹಿಂದಿನ ರಟ್ಟನ್ನು ದಯವಿಟ್ಟು ಕಿತ್ತು ಬಿಸಾಡಬೇಡಿ. ಸ್ಟುಡಿಯೋ ಹೆಸರು ಇರುವುದು ಹೆಚ್ಚಾಗಿ ಅಲ್ಲೇ.