ಗೆಳತಿಯರು ಬರಲ್ಲ ಅಂದರೆ ಎನ್‌ಎಸ್‌ಎಸ್‌ಗೆ ಒಬ್ಬಳೇ ಸೇರಬಹುದಾ?

ಹೀಗೆ ಕೇಳಿದ ನೀವು ಕಾಸರಗೋಡಿನ ಪೆರ್ಲ ಕಡೆಯವಳು ಅಂತ ಬರೆದಿದ್ದೀರಿ. ನಾನೂ ಅಲ್ಲಿಯವಳೇ. ನಾನು ಎನ್‌ಎಸ್‌ಎಸ್‌ಗೆ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಗೆ, ಸೇರಿದ್ದು ನಾಲ್ವರು ಗೆಳತಿಯರ ಜೊತೆ. ತೊಂದರೆ ಆದದ್ದೇ ಅಲ್ಲಿ.

ಪಕ್ಕದ ಬೆಂಚಿನವಳು ಹೆಸರು ಕೊಟ್ಟಳು, ನಾನೂ ಕೊಟ್ಟೆ. ಡಿಸೆಂಬರಿನ ಏಳು ದಿನದ ಕ್ಯಾಂಪಿನಲ್ಲಿ ತೋಡಿಗೆ ಕಟ್ಟ ಕಟ್ಟಿದೆವು, ಅಂದರೆ ಹಳ್ಳದ ನೀರು ನಿಲ್ಲಿಸುವ ಒಡ್ಡು. ಗೂಟ ಹೊಡೆದು, ಕಲ್ಲು ಮಣ್ಣು ತುಂಬಿ, ಸಂಜೆ ಗಂಜಿ ಚಟ್ನಿ. ಅಷ್ಟು ಖುಷಿ ಆಮೇಲೆ ಸಿಕ್ಕಿಲ್ಲ.

ನಂತರ ಶನಿವಾರಗಳಲ್ಲಿ ಪಂಚಾಯತಿನ ಪಾಲಿಯೇಟಿವ್ ನರ್ಸ್ (ಹಾಸಿಗೆ ಹಿಡಿದವರ ಆರೈಕೆ ಮಾಡುವವರು) ಜೊತೆ ಮನೆ ಮನೆಗೆ ಹೋಗುತ್ತಿದ್ದೆವು. ನರ್ಸಿಗೆ ಮಲಯಾಳ ಮಾತ್ರ, ರೋಗಿಗಳಿಗೆ ತುಳು, ಕನ್ನಡ. ಎಲ್ಲಿ ನೋವು ಅಂತ ಕೇಳಿ ಹೇಳುವುದು ನನ್ನ ಕೆಲಸ. ಹಾಸಿಗೆ ಹಿಡಿದ ಒಬ್ಬರು ಅಜ್ಜಿ ಇದ್ದರು. ನಾನು ಉಗುರು ಕತ್ತರಿಸುವಾಗ ಕೈ ಬಿಡುತ್ತಲೇ ಇರಲಿಲ್ಲ. "ನನ ಏಪ ಬರ್ಪ?" ಮುಂದೆ ಯಾವಾಗ ಬರ್ತೀ ಅಂತ. ಬರುವ ಶನಿವಾರ ಅಂದೆ.

ಅಷ್ಟರಲ್ಲಿ ಎನ್‌ಎಸ್‌ಎಸ್‌ನಲ್ಲಿ ನಾವು ಮಾಡಬೇಕಾದ ಸೇವೆಯ ಗಂಟೆ ಮುಗಿಯಿತು. ವರ್ಷಕ್ಕೆ 120, ಎರಡು ವರ್ಷಕ್ಕೆ 240. ಪರೀಕ್ಷೆಗೆ ಸೇರಿಸುವ ಗ್ರೇಸ್ ಮಾರ್ಕ್ ಖಾತ್ರಿ. ಗೆಳತಿಯರು ನಿಲ್ಲಿಸಿದರು, ನಾನೂ ನಿಲ್ಲಿಸಿದೆ.

ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳ್ತೇನೆ. ಸಮಯ ಇತ್ತು. ಬಸ್ಸೂ ಇತ್ತು. ಮನಸ್ಸೂ ಇತ್ತು. ಶುಕ್ರವಾರ ರಾತ್ರಿ ವಾಟ್ಸಾಪ್ ಗ್ರೂಪ್ ನೋಡ್ತಾ, ಯಾರಾದರೂ "ನಾಳೆ ಹೋಗುವನಾ" ಅಂತ ಹಾಕಲಿ ಅಂತ ಕಾಯ್ತಿದ್ದೆ. ನಾನೇ ಹಾಕಬಹುದಿತ್ತು. ಯಾರೂ ಹಾಕದಿದ್ದರೆ ನರ್ಸಿಗೆ ಫೋನ್ ಮಾಡಬಹುದಿತ್ತು. ಅಜ್ಜಿಗೆ ಮಾತು ಕೊಟ್ಟದ್ದು ಗ್ರೂಪ್ ಅಲ್ಲ, ನಾನು. ಇಷ್ಟು ಸಣ್ಣ ವಿಷಯ ಮೂರು ತಿಂಗಳು ತಲೆಗೆ ಹೋಗಲಿಲ್ಲ.

ಕೊನೆಗೆ ಹೋದೆ. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದರು, ಗುರುತು ಹಿಡಿಯಲಿಲ್ಲ. ಸೊಸೆ ಹೇಳಿದರು: "ನಾಲ್ಕು ಶನಿವಾರ ತಲೆ ಬಾಚಿಸಿಕೊಂಡು ಕಾದರು. ಆಮೇಲೆ ಕೇಳುವುದನ್ನೇ ಬಿಟ್ಟರು."

ಹಾಗಾಗಿ ಗೆಳತಿಯರು ಬರ್ತಾರಾ ಅನ್ನುವ ಲೆಕ್ಕವೇ ಬೇಡ. ಅವರನ್ನು ಒಪ್ಪಿಸಲಿಕ್ಕೂ ಹೋಗಬೇಡಿ. ಜೊತೆ ಬೇಕೇ ಬೇಕು, ಅದು ನಿಜ. ಆದರೆ ಕ್ಲಾಸಿನವರ ಜೊತೆ ಅಲ್ಲ, ಆಗಲೇ ಆ ಕೆಲಸದಲ್ಲಿ ಇರುವವರ ಜೊತೆ. ನರ್ಸಿಗೋ ಆಶಾ ಕಾರ್ಯಕರ್ತೆಗೋ ನಿಮ್ಮ ನಂಬರ್ ಕೊಡಿ. "ಶನಿವಾರ 9 ಗಂಟೆಗೆ ಬಾ ಮಗಾ" ಅಂತ ಅವರು ಹೆಸರು ಹಿಡಿದು ಕರೆದರೆ ಮನೆಯಲ್ಲಿ ಕೂರಲು ಆಗಲ್ಲ. ನೋಟಿಸ್ ಬೋರ್ಡ್ ನೋಡಿ ಬಂದವರು ನಮ್ಮಲ್ಲಿ ಯಾರೂ ಇರಲಿಲ್ಲ, ಎಲ್ಲರನ್ನೂ ಯಾರೋ ಕರೆದೇ ತಂದದ್ದು. ಮಾರ್ಕಿನ ಆಸೆಗೆ ಸೇರಿದರೂ ತಪ್ಪಿಲ್ಲ, ಸೇರಿ.

ಆಮೇಲೆ, ಮುಂದೆ ಯಾವಾಗ ಬರ್ತೀ ಅಂತ ಯಾರಾದರೂ ಕೇಳಿದರೆ, ಬಸ್ಸಿನ ಸಮಯ ನೋಡಿಕೊಂಡು ಉತ್ತರ ಹೇಳಿ.